ದೂರದ ಲೆಕ್ಕದಲ್ಲಿ ಭಾಷೆ

ರಸ್ತೆಯ ಉದ್ದವನ್ನೂ ಸರಕಿನ ತೂಕವನ್ನೂ ಅಳೆಯುತ್ತಿದ್ದ ಸಾರಿಗೆ ಭೂಗೋಳವನ್ನು ಮನುಷ್ಯರ ದಿನಚರಿಯತ್ತ ತಿರುಗಿಸಿದವರಲ್ಲಿ ಸ್ವೀಡನ್ನಿನ ಟಾರ್ಸ್ಟೆನ್ ಹ್ಯಾಗರ್‌ಸ್ಟ್ರಾಂಡ್ ಪ್ರಮುಖರು. 1970ರ ಅವರ ಪ್ರಬಂಧವು ವ್ಯಕ್ತಿಯ ಓಡಾಟಕ್ಕೆ ಮೂರು ಮಿತಿಗಳನ್ನು ಗುರುತಿಸುತ್ತದೆ: ದೇಹ ಮತ್ತು ವಾಹನದ ಸಾಮರ್ಥ್ಯ, ಇತರರೊಡನೆ ಒಂದೇ ಹೊತ್ತಿಗೆ ಒಂದೇ ಕಡೆ ಕೂಡಬೇಕಾದ ಅಗತ್ಯ, ಸ್ಥಳಗಳ ಮೇಲಿನ ಅಧಿಕಾರ. ಈ ಚೌಕಟ್ಟಿನಲ್ಲಿ ಚಲಿಸುವ ದೇಹವು ಸಾರ್ವತ್ರಿಕವೆಂಬ ಸೋಗಿನಲ್ಲಿರುವ ಪುರುಷ ದೇಹವೇ ಎಂದು ಗಿಲಿಯನ್ ರೋಸ್ 1993ರಲ್ಲಿ ಆಕ್ಷೇಪಿಸಿದರು. ಗಡಿಯಲ್ಲಿ ನಿಂತು ಓದುವವರು ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕಾಗಿದೆ: ಆ ದೇಹ ಆಡುವ ಭಾಷೆ ಯಾವುದು?

ನಿಲಂಗಾ ಮತ್ತು ಉದಗೀರ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು. ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರಿಗೂ ಅವು ಮುಂಬಯಿ ರಾಜ್ಯಕ್ಕೂ ಸೇರಿದವು. ದಾರಿಗಳು ಮಾತ್ರ ಕಡಿಯಲಿಲ್ಲ. ಉದಗೀರದ ರೈಲುಮಾರ್ಗ ಇಂದಿಗೂ ಭಾಲ್ಕಿಯ ಮೂಲಕ ಬೀದರಕ್ಕೆ ಹೋಗುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿ ಉಮರ್ಗಾ ದಾಟಿ ಹುಮನಾಬಾದಿನತ್ತ ಸಾಗುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಗಡಿ ಕಾಣಿಸುವುದೇ ಇಲ್ಲ.

ಅದು ಕಾಣಿಸುವುದು ಟಿಕೆಟ್ಟಿನಲ್ಲಿ. 2023ರ ಮಾರ್ಚ್‌ನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ. ಈ ರಿಯಾಯಿತಿ ರಾಜ್ಯದ ಗಡಿಯವರೆಗೆ. ಅದೇ ವರ್ಷದ ಜೂನ್ 11ರಂದು ಆರಂಭವಾದ ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ನಿವಾಸಿಗಳಿಗೆ ಮಾತ್ರ. ಅಂತರರಾಜ್ಯ ಬಸ್ಸುಗಳಿಗೆ ಅದು ಅನ್ವಯಿಸದು. ಬಸವಕಲ್ಯಾಣದ ಕಡೆಯಿಂದ ನಿಲಂಗಾಕ್ಕೆ ಸೊಸೆಯಾಗಿ ಬಂದವಳನ್ನು ಊಹಿಸಿಕೊಳ್ಳೋಣ. ಲಾತೂರಿನ ಆಸ್ಪತ್ರೆಗೆ ಅವಳು ಅರ್ಧ ದರದಲ್ಲಿ ಹೋಗಬಲ್ಲಳು. ತವರಿನ ದಾರಿಯಲ್ಲಿ ಗಡಿಯಾಚೆ ಪೂರ್ಣ ದರ ತೆರಬೇಕು. ಅವಳ ತಾಯಿ ತನ್ನ ಜಿಲ್ಲೆಯಲ್ಲೆಲ್ಲ ಉಚಿತವಾಗಿ ಓಡಾಡಬಹುದು. ಮಗಳನ್ನು ನೋಡಲು ಗಡಿ ದಾಟುವ ಬಸ್ಸು ಹತ್ತಿದರೆ ಆ ಸೌಲಭ್ಯವಿಲ್ಲ.

ದರದ ಈ ವ್ಯತ್ಯಾಸವನ್ನು ಹ್ಯಾಗರ್‌ಸ್ಟ್ರಾಂಡರ ಮೂರನೆಯ ಮಿತಿ, ಅಂದರೆ ಅಧಿಕಾರ, ವಿವರಿಸುತ್ತದೆ. ಆದರೆ ಅದರಿಂದ ಆಗುವ ನಷ್ಟ ಇರುವುದು ಎರಡನೆಯ ಮಿತಿಯಲ್ಲಿ. ಕಚೇರಿಯ ಕಾಗದವೂ ಬಸ್ಸಿನ ಬೋರ್ಡೂ ಮರಾಠಿಯಲ್ಲಿರುವ ಕಡೆ ಕನ್ನಡಕ್ಕೆ ಆಸರೆ ಮನೆ, ಬೀಗರು, ಜಾತ್ರೆ. ಜನ ಕೂಡಿದರೆ ಮಾತ್ರ ಭಾಷೆ ಉಳಿಯುತ್ತದೆ. ಹಾಗಾಗಿ ಭಾಷೆಯನ್ನು ನಾಲ್ಕನೆಯ ಮಿತಿಯೆಂದು ಪಟ್ಟಿಗೆ ಸೇರಿಸಿದರೆ ಸಾಲದು. ಯಾರು ಯಾರೊಡನೆ ಕೂಡಬಲ್ಲರು ಎಂಬ ಪ್ರಶ್ನೆಯ ಒಳಗೇ ಅದನ್ನು ಇಡಬೇಕು.

ಆಸ್ಪತ್ರೆಗೂ ಮಾರುಕಟ್ಟೆಗೂ ಇರುವ ದೂರವನ್ನು ಅಳೆಯುವ ಭೂಗೋಳಜ್ಞರು ತವರಿನ ದೂರವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾಷಾ ಸಂಶೋಧಕರಾದ ನಾವೂ ಇದಕ್ಕೆ ಹೊರತಲ್ಲ. ಜನಗಣತಿಯಲ್ಲಿ ತಾಯ್ನುಡಿಯ ಅಂಕಣವನ್ನು ಹುಡುಕುತ್ತೇವೆ, ಬಸ್ಸಿನ ವೇಳಾಪಟ್ಟಿಯನ್ನು ನೋಡುವುದಿಲ್ಲ. ಗಡಿಯ ಕನ್ನಡ ಎಷ್ಟು ಜನರದು ಎಂದು ಕೇಳುವುದರ ಜೊತೆಗೆ, ಆ ಜನ ವರ್ಷದಲ್ಲಿ ಎಷ್ಟು ಸಲ ಒಬ್ಬರನ್ನೊಬ್ಬರು ತಲುಪಬಲ್ಲರು ಎಂದೂ ಕೇಳಬೇಕಾಗಿದೆ.