ಮೂರನೆಯ ದಿನ ತೆರೆದ ಬಾಗಿಲು

ಬೆಲ್ಜಿಯಂ ದೇಶದ ನಿರ್ದೇಶಕಿ ಶಾಂತಾಲ್ ಅಕೆರ್ಮನ್ ಅವರು ತಮ್ಮ ಇಪ್ಪತ್ನಾಲ್ಕರ ಹರೆಯದಲ್ಲಿ ರಚಿಸಿದ, 1975ರ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ‘ಝಾನ್ ಡೀಲ್ಮನ್, 23, ಕೇ ದ್ಯು ಕೊಮ್ಮೆರ್ಸ್, 1080 ಬ್ರಸೆಲ್ಸ್’ ಎಂಬ ಚಲಚ್ಚಿತ್ರದ ಹೆಸರೇ ಒಂದು ಅಂಚೆಯ ವಿಳಾಸ. ಆ ವಿಳಾಸದ ಮನೆಯಲ್ಲಿ ಮಗನೊಡನೆ ವಾಸಿಸುವ ವಿಧವೆಯೊಬ್ಬಳ ಮೂರು ದಿನಗಳ ದಿನಚರಿಯೇ ಅದರ ವಸ್ತು. ಅದರ ಅವಧಿ 201 ನಿಮಿಷ. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು 1952ರಿಂದ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತಗಳನ್ನು ಸಂಗ್ರಹಿಸಿ ಪ್ರಕಟಿಸುತ್ತ ಬಂದಿರುವ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ, 1,600ಕ್ಕೂ ಮಿಕ್ಕ ಮಂದಿ ಮತವಿತ್ತ 2022ರ ಸಲ, ಈ ಕೃತಿಗೆ ಪ್ರಥಮ ಸ್ಥಾನ ದೊರೆಯಿತು; ‘ಸಿಟಿಜನ್ ಕೇನ್’, ‘ವರ್ಟಿಗೊ’ಗಳು ಹಿಂದೆ ಅಲಂಕರಿಸಿದ್ದ ಆ ಪೀಠವನ್ನು ಸ್ತ್ರೀಯೊಬ್ಬಳು ನಿರ್ದೇಶಿಸಿದ ಚಿತ್ರವು ಏರಿದುದು ಅದೇ ಮೊದಲು.

ನಾನು ಈ ಚಿತ್ರವನ್ನು ಎರಡು ಸಲ ಆದ್ಯಂತವಾಗಿ ನೋಡಿದ್ದೇನೆ. ಎರಡು ಸಲವೂ ಮನಸ್ಸು ಒಂದೆಡೆ ಕೃತಜ್ಞತೆಯಿಂದ ಬಾಗಿತು, ಮತ್ತೊಂದೆಡೆ ಒಪ್ಪಲಾರದೆ ನಿಂತಿತು. ಬಾಗಿದುದು ಎರಡನೆಯ ದಿನದ ಆಲೂಗೆಡ್ಡೆಯ ಮುಂದೆ. ನಿಂತುದು ಮೂರನೆಯ ದಿನದ ಕತ್ತರಿಯ ಮುಂದೆ. ಆ ಎರಡಕ್ಕೂ ಕಾರಣವನ್ನು ಹುಡುಕಿಕೊಳ್ಳುವುದೇ ಈ ಬರಹದ ಉದ್ದೇಶ.

ಕಥೆಯೆಂದು ಹೇಳಬಹುದಾದುದು ಅತ್ಯಲ್ಪ. ಡೀಲ್ಮನ್ ಬೆಳಗ್ಗೆ ಎದ್ದು ಮಗನ ಬೂಟುಗಳಿಗೆ ಬಣ್ಣ ತಿಕ್ಕುತ್ತಾಳೆ, ಕಾಫಿ ಸೋಸುತ್ತಾಳೆ, ಹಾಸಿಗೆ ಸರಿಪಡಿಸುತ್ತಾಳೆ, ಪೇಟೆಗೆ ಹೋಗಿ ಬರುತ್ತಾಳೆ, ಪಕ್ಕದ ಮನೆಯವಳ ಹಸುಳೆಯನ್ನು ಕೊಂಚ ಹೊತ್ತು ಕಾಯುತ್ತಾಳೆ. ಒಂದು ಕೋಣೆಯಿಂದ ಹೊರಡುವಾಗ ಅಲ್ಲಿಯ ದೀಪವನ್ನಾರಿಸಿ ಇನ್ನೊಂದನ್ನು ಹೊಗುವಾಗ ಅಲ್ಲಿಯದನ್ನು ಹೊತ್ತಿಸುತ್ತಾಳೆ. ಪ್ರತಿದಿನ ಅಪರಾಹ್ನ ಒಬ್ಬೊಬ್ಬ ಪುರುಷ ಮನೆಗೆ ಬರುತ್ತಾನೆ. ಮಲಗುವ ಕೋಣೆಯ ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ. ಅವನು ಕೊಟ್ಟ ಹಣವನ್ನು ಅವಳು ಊಟದ ಮೇಜಿನ ಮೇಲಿರುವ ಪಿಂಗಾಣಿಯ ಸೂಪು ಪಾತ್ರೆಯಲ್ಲಿ ಹಾಕಿ ಮುಚ್ಚಳವಿಡುತ್ತಾಳೆ. ಮನೆಯ ಖರ್ಚು ಆ ಪಾತ್ರೆಯಿಂದಲೇ ನಡೆಯುತ್ತದೆ. ಸಂಜೆ ಮಗ ಬರುತ್ತಾನೆ, ಪುಸ್ತಕದಿಂದ ಕಣ್ಣೆತ್ತದೆ ಉಣ್ಣಲು ಕೂಡುತ್ತಾನೆ, ಮಲಗುತ್ತಾನೆ. ದೇಹವಿಕ್ರಯವೂ ಬೇಯುತ್ತಿರುವ ಆಲೂಗೆಡ್ಡೆಯೂ ಇಲ್ಲಿ ಒಂದೇ ವೇಳಾಪಟ್ಟಿಯ ಎರಡು ಕೆಲಸಗಳು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹದಕ್ಕೆ ಬಂದಿರಬೇಕು.

ಇದನ್ನು ತೋರಿಸುವ ರೀತಿಯಲ್ಲಿಯೇ ಚಿತ್ರದ ಅಪೂರ್ವತೆ ಅಡಗಿದೆ. ಛಾಯಾಗ್ರಾಹಕಿ ಬಾಬೆಟ್ ಮಾಂಗೋಲ್ಟ್ ಅವರ ಕ್ಯಾಮೆರಾ ಅತ್ತಿತ್ತ ಕದಲುವುದಿಲ್ಲ, ಮುಖದ ಭಾವವನ್ನು ಹಿಗ್ಗಿಸಿ ತೋರಿಸಲು ಹತ್ತಿರಕ್ಕೆ ಧಾವಿಸುವುದಿಲ್ಲ. ನೆಟ್ಟಗೆ ಎದುರಿಗೆ ನಿಂತು, ಕೆಲಸ ಆರಂಭವಾದಾಗಿನಿಂದ ಮುಗಿಯುವವರೆಗೆ ನೋಡುತ್ತದೆ. ಹಿನ್ನೆಲೆ ಸಂಗೀತವಿಲ್ಲ, ನಲ್ಲಿಯ ನೀರು, ಪಾತ್ರೆಯ ಸದ್ದು, ಮರದ ನೆಲದ ಮೇಲೆ ಹಿಮ್ಮಡಿಯ ಟಕಟಕ, ಇವೇ ಸಂಗೀತ. ಅನ್ಯ ಚಿತ್ರಗಳು ಕಥೆಯ ನಡುವೆ ಕತ್ತರಿಸಿ ಎಸೆಯುವ ನಿಮಿಷಗಳನ್ನೇ ಅಕೆರ್ಮನ್ ಅವರು ಹೆಕ್ಕಿ ತಂದು ಕಥೆಯ ಸಿಂಹಾಸನದ ಮೇಲೆ ಕೂರಿಸಿದ್ದಾರೆ. ನಾತ್ಸಿಗಳ ಆಶ್‌ವಿಟ್ಸ್ ಶಿಬಿರದಿಂದ ಬದುಕಿ ಬಂದಿದ್ದ ತಮ್ಮ ತಾಯಿಗೆ ಈ ಚಿತ್ರವನ್ನು ಒಂದು ಪ್ರೇಮಕಾಣಿಕೆಯೆಂಬಂತೆ ಅವರು ಭಾವಿಸಿದ್ದರು. ತಾಯಂದಿರು ದಿನವಿಡೀ ಮಾಡಿದರೂ ಮಾಡಿದುದೆಂದು ಯಾರ ಲೆಕ್ಕಕ್ಕೂ ಬಾರದ ದುಡಿಮೆಯನ್ನು, ದುಡಿಮೆಗೆ ತಗಲುವಷ್ಟೇ ಕಾಲವನ್ನು ಕೊಟ್ಟು ನೋಡಿರಿ ಎನ್ನುವ ಆಗ್ರಹಕ್ಕೆ ನಾನು ತಲೆಬಾಗದಿರುವುದಾದರೂ ಹೇಗೆ?

‘ಲಾಸ್ಟ್ ಇಯರ್ ಅಟ್ ಮರಿಯೆನ್‌ಬಾಡ್’ ಚಿತ್ರದ ಲಾವಣ್ಯವತಿಯೆಂದು 1961ರಿಂದ ಪ್ರಸಿದ್ಧರಾಗಿದ್ದ ಡೆಲ್ಫೀನ್ ಸೇರಿಗ್ ಇಲ್ಲಿ ಮಾಂಸದ ಉಂಡೆಯನ್ನು ನಾದುತ್ತಾರೆ, ಸ್ನಾನದ ತೊಟ್ಟಿಯನ್ನು ಉಜ್ಜುತ್ತಾರೆ. ಆ ಕೈಗಳಲ್ಲಿ ಅಭಿನಯದ ಕುರುಹು ಕಾಣದು, ಅಭ್ಯಾಸದ ನಯ ಮಾತ್ರ ಕಾಣುತ್ತದೆ. ಮೊದಲನೆಯ ದಿನ ಆ ಕೈಗಳ ಕ್ರಮವನ್ನು ನಾವು ಅರಿಯದೆಯೇ ಕಲಿತುಬಿಡುತ್ತೇವೆ. ಕಲಿತೆವೆಂಬುದು ತಿಳಿಯುವುದು ಎರಡನೆಯ ದಿನ. ಅಂದು ಬಂದವನನ್ನು ಕಳುಹಿಸಿ ಹೊರಬರುವಾಗ ಅವಳ ಕೂದಲು ಕೆದರಿದೆ; ಸೂಪಿನ ಪಾತ್ರೆಯ ಮುಚ್ಚಳ ತೆರೆದೇ ಉಳಿಯುತ್ತದೆ; ಒಲೆಯ ಮೇಲಿನ ಆಲೂಗೆಡ್ಡೆ ಬೆಂದು ಮಿತಿಮೀರಿದೆ. ಆ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತೋಚದೆ, ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ಅವಳು ಅಲೆಯುವುದನ್ನು ಕಂಡಾಗ, ಯಾವ ರುದ್ರನಾಟಕದಲ್ಲಿಯೂ ಕಾಣದ ದಿಗ್ಭ್ರಮೆಯೊಂದು ನನ್ನನ್ನು ಆವರಿಸಿತು. ಅವಳು ಮತ್ತೆ ಕುಳಿತು ಬೇರೆ ಆಲೂಗೆಡ್ಡೆಯ ಸಿಪ್ಪೆ ಹೆರೆಯತೊಡಗುತ್ತಾಳೆ. ಕೈ ನಡುನಡುವೆ ತಡೆಯುತ್ತದೆ. ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ಆದರೂ ಒಂದು ಬಾಳು ತನ್ನ ಗೂಟದಿಂದ ಕಳಚಿಕೊಂಡಿತೆಂಬುದು ನಿಸ್ಸಂದೇಹವಾಗಿ ತಿಳಿಯುತ್ತದೆ.

ನಿಧಾನವೆಂಬುದಕ್ಕೆ ಕಲೆಯಲ್ಲಿ ಇರುವ ಸಮರ್ಥನೆ ಇದೊಂದೇ. ಚೌಕ ಕಾಲದಲ್ಲಿ ಹಾಡುವ ವಿದ್ವಾಂಸನು ಒಂದು ಅಕ್ಷರಕ್ಕೂ ಮುಂದಿನದಕ್ಕೂ ನಡುವೆ ಬಿಟ್ಟ ಎಡೆಯನ್ನು ಗಮಕದಿಂದ ತುಂಬಬೇಕು. ತುಂಬಲಾರದವನು ಕಾಲವನ್ನು ಎಳೆದನೇ ಹೊರತು ವಿಸ್ತರಿಸಲಿಲ್ಲ. ನಿಧಾನವಾದುದೆಲ್ಲ ಗಂಭೀರವೆಂದು ಭ್ರಮಿಸುವ ಚಿತ್ರಗಳೂ ಉಂಟು, ಅವುಗಳನ್ನು ಹೊಗಳುವವರೂ ಉಂಟು. ಅಕೆರ್ಮನ್ ಅವರ ನಿಧಾನ ಅಂಥದಲ್ಲ. ಒಂದು ಗುಂಡಿ ಹಾಕದೆ ಉಳಿದರೆ ಎದೆ ಝಲ್ಲೆನ್ನುವಷ್ಟು ಸೂಕ್ಷ್ಮವಾಗಿ ನಮ್ಮ ಕಣ್ಣನ್ನು ಹದಗೊಳಿಸಲು ಅಷ್ಟೂ ಹೊತ್ತು ಬೇಕೇ ಬೇಕಾಗಿತ್ತು.

ಇಷ್ಟನ್ನು ಮನಸಾರೆ ಒಪ್ಪಿಕೊಂಡ ಮೇಲೆ ನನ್ನ ಅಸಮಾಧಾನವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಮೂರನೆಯ ದಿನ ಎಲ್ಲವೂ ತಪ್ಪುತ್ತ ಹೋಗುತ್ತದೆ: ಹೊತ್ತಿಗೆ ಮೊದಲೇ ಎಚ್ಚರ, ಇನ್ನೂ ತೆರೆಯದ ಅಂಚೆಕಚೇರಿ, ರುಚಿಗೆಟ್ಟ ಕಾಫಿ, ಊರೆಲ್ಲ ಅಲೆದರೂ ಸಿಕ್ಕದ ಕೋಟಿನ ಗುಂಡಿ, ಎತ್ತಿಕೊಂಡಷ್ಟೂ ಅಳುವ ಹಸುಳೆ. ಇಲ್ಲಿಯವರೆಗೂ ಚಿತ್ರ ತನ್ನ ಧರ್ಮವನ್ನು ಬಿಟ್ಟಿಲ್ಲ. ಬಳಿಕ ಎರಡು ದಿನ ಮುಚ್ಚಿದ್ದ ಕೋಣೆಯ ಬಾಗಿಲು ನಮಗಾಗಿ ತೆರೆಯುತ್ತದೆ. ಪುರುಷನ ಕೆಳಗೆ ಅವಳ ದೇಹ ಅವಳ ಅಧೀನ ತಪ್ಪುವುದನ್ನು ನಾವು ಕಾಣುತ್ತೇವೆ. ಕ್ಷಣಕಾಲದ ಮೇಲೆ ಅವಳು ಬಟ್ಟೆ ತೊಟ್ಟು, ಕೆನಡಾದಿಂದ ಬಂದ ಕಟ್ಟನ್ನು ಬಿಚ್ಚಲೆಂದು ತಂದಿದ್ದ ಕತ್ತರಿಯಿಂದ ಅವನನ್ನು ಇರಿದು ಕೊಲ್ಲುತ್ತಾಳೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದನು. ಕೊಲೆ ಕಲೆಗೆ ವರ್ಜ್ಯವೆಂದು ನಾನು ಹೇಳುವವನಲ್ಲ. ಈ ಕೃತಿ ತಾನೇ ಕಟ್ಟಿಕೊಂಡ ಲೋಕದಲ್ಲಿ ಅದಕ್ಕೆ ಔಚಿತ್ಯವಿದೆಯೇ ಎಂಬುದೇ ಪ್ರಶ್ನೆ. ಸಿಪ್ಪೆ ಹೆರೆಯುವುದಕ್ಕೂ ಕೊಲ್ಲುವುದಕ್ಕೂ ಸಮಾನವಾದ ದೃಷ್ಟಿಯನ್ನು ಕೊಟ್ಟು, ಅಕೆರ್ಮನ್ ಅವರು ಘಟನೆಗಳ ತರತಮವನ್ನೇ ಅಳಿಸಿದ್ದಾರೆಂದು ಚಿತ್ರದ ಅಭಿಮಾನಿಗಳು ವಾದಿಸುತ್ತಾರೆ. ಕ್ಯಾಮೆರಾದ ಮಟ್ಟಿಗೆ ಅದು ನಿಜ. ಪ್ರೇಕ್ಷಕನ ಚಿತ್ತದ ಮಟ್ಟಿಗೆ ನಿಜವಲ್ಲ. ಸಾವು ಸಹೃದಯನ ಮನಸ್ಸಿನಲ್ಲಿ ಆಲೂಗೆಡ್ಡೆಯ ಪಕ್ಕದಲ್ಲಿ ಸಮನಾಗಿ ಕೂಡಲಾರದು. ಅದು ಹಿಂದಿನ ಮೂರು ಗಂಟೆಗಳನ್ನೆಲ್ಲ ತನ್ನ ಕಡೆಗೆ ಸೆಳೆದುಕೊಂಡು ತನಗೆ ಪೀಠಿಕೆಯನ್ನಾಗಿ ಮಾಡಿಕೊಳ್ಳುತ್ತದೆ. ಸ್ವಯಂಪೂರ್ಣವಾಗಿದ್ದ ಅನ್ನದ ಕೆಲಸ ಆಗ ರೋಗಲಕ್ಷಣವಾಗುತ್ತದೆ. ಬೆಂದು ಕೆಟ್ಟ ಗೆಡ್ಡೆ ಅಪರಾಧದ ಮುನ್ಸೂಚನೆಯಾಗುತ್ತದೆ. ಗೃಹಕೃತ್ಯಕ್ಕೆ ಕಥೆಯ ಆಸರೆ ಬೇಕಿಲ್ಲವೆಂದು ಧೈರ್ಯವಾಗಿ ಸಾರಿದ ಕೃತಿಯೇ ಕೊನೆಗೆ ಕಥೆಗಳಲ್ಲೆಲ್ಲ ಅತಿ ಹಳೆಯದಾದ ರಕ್ತದ ಕಥೆಯ ಕೈಹಿಡಿಯಿತೆಂಬುದು ನನ್ನ ವ್ಯಥೆ. ಜಗತ್ತಿನ ಅಸಂಖ್ಯ ಡೀಲ್ಮನ್‌ರು ಕತ್ತರಿಯನ್ನೆತ್ತುವುದಿಲ್ಲ. ಮರುದಿನವೂ ಎದ್ದು ಬೂಟಿಗೆ ಬಣ್ಣ ತಿಕ್ಕುತ್ತಾರೆ. ಆ ನಾಲ್ಕನೆಯ ದಿನವನ್ನು ತೋರಿಸುವುದು ಇನ್ನೂ ಕಠಿನವಾದ, ಇನ್ನೂ ಸತ್ಯವಾದ ಮುಕ್ತಾಯವಾಗುತ್ತಿತ್ತು.

ಇನ್ನೊಂದು ಕೊರತೆಯೂ ನನಗೆ ತೋರಿತು. ಈ ಮನೆಯಲ್ಲಿ ಕೆಲಸವು ಬಂಧನವೊಂದೇ ಆಗಿದೆ. ಬೇಸರದ ದುಡಿಮೆಯ ನಡುವೆಯೂ ಮನುಷ್ಯರು ಗುನುಗುವುದುಂಟು, ಸುಮ್ಮನೆ ಕಿಟಕಿಯಾಚೆ ನೋಡುವುದುಂಟು, ಹದವಾಗಿ ಬೆಂದುದನ್ನು ಕಂಡು ಒಳಗೊಳಗೇ ಹಿಗ್ಗುವುದುಂಟು. ಸೇರಿಗ್ ಅವರ ಕೈಗಳಿಗೆ ಆ ಹಿಗ್ಗು ಗೊತ್ತಿದೆ. ಅದು ಮುಖಕ್ಕೆ ಏರಲು ಚಿತ್ರ ಒಮ್ಮೆಯೂ ಅವಕಾಶ ಕೊಡುವುದಿಲ್ಲ.

ಆದಾಗ್ಯೂ ಕೊಲೆಯೇ ಕೊನೆಯಲ್ಲ. ಕತ್ತಲು ಕವಿದ ಕೋಣೆಯಲ್ಲಿ, ರವಕೆಗೂ ಕೈಗೂ ರಕ್ತ ಅಂಟಿದ ಡೀಲ್ಮನ್ ಮೇಜಿನ ಬಳಿ ಏಳು ನಿಮಿಷಗಳಷ್ಟು ಕಾಲ ಸುಮ್ಮನೆ ಕುಳಿತಿರುತ್ತಾಳೆ. ಬೀದಿಯ ನಿಯಾನ್ ದೀಪದ ನೀಲಿ ಬೆಳಕು ಅವಳ ಮೇಲೆ ಬಡಿದು ಬಡಿದು ಹೋಗುತ್ತದೆ. ಮೂರು ದಿನಗಳಲ್ಲಿ ಅವಳು ಇಷ್ಟು ನಿರಾಳವಾಗಿ ಕುಳಿತುದನ್ನು ನಾವು ಕಂಡಿಲ್ಲ. ಮಾಡಬೇಕಾದುದು ಏನೂ ಉಳಿಯದ ಆ ವಿರಾಮದಲ್ಲಿ ಚಿತ್ರ ತಾನು ಕಳೆದುಕೊಂಡ ಘನತೆಯ ಬಹುಭಾಗವನ್ನು ಮರಳಿ ಪಡೆಯುತ್ತದೆ.

ಆದುದರಿಂದ ನನ್ನ ನಿರ್ಣಯವಿದು: ಈ ಕೃತಿಯನ್ನು ಜಗತ್ತಿನ ಸರ್ವಶ್ರೇಷ್ಠ ಚಿತ್ರವೆಂದು ನಾನು ಒಪ್ಪಲಾರೆ, ಇದನ್ನು ನೋಡದೆ ಸಿನಿಮಾ ಕಲೆಯ ಶಕ್ತಿಯನ್ನು ಪೂರ್ತಿಯಾಗಿ ಬಲ್ಲೆನೆಂದೂ ಹೇಳಲಾರೆ. ನೋಡಬಯಸುವ ಓದುಗರು ಪಟ್ಟಿಯ ಪ್ರಥಮ ಸ್ಥಾನವನ್ನು ಮರೆತು ಕುಳಿತುಕೊಳ್ಳಲಿ. ತಾಳ್ಮೆಯೆಂಬುದು ಪ್ರೀತಿಯಿಂದ ಕೊಡತಕ್ಕದ್ದೇ ಹೊರತು ಕೀರ್ತಿಗೆ ಅಂಜಿ ಸಲ್ಲಿಸುವ ಕಪ್ಪಕಾಣಿಕೆಯಲ್ಲ. ಚಿತ್ರ ಮುಗಿದ ಮೇಲೆ ತಮ್ಮ ಮನೆಯ ಅಡುಗೆಕೋಣೆಗೆ ಹೋಗಿ, ಅಲ್ಲಿ ಯಾರ ಕೈ ಯಾವ ಕೆಲಸವನ್ನು ಎಷ್ಟು ಹೊತ್ತಿನಿಂದ ಮಾಡುತ್ತಿದೆಯೆಂಬುದನ್ನು ಒಂದು ಗಳಿಗೆ ನಿಂತು ನೋಡಲಿ.