ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಭಾಷಾ ದತ್ತಾಂಶ: ಮುಕ್ತ ಹಂಚಿಕೆಯ ಒಂದು ವಿಮರ್ಶೆ

ಸಾರಾಂಶ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ಭಾಷೆಗಳು ತಲೆಮಾರುಗಳಿಂದ ಜೊತೆಜೊತೆಯಾಗಿ ಬಳಕೆಯಲ್ಲಿವೆ. ಈ ಸೀಮೆಯ ಕನ್ನಡದ ಬಗ್ಗೆ ಮಾಡುವ ಒಂದು ಹೇಳಿಕೆಯನ್ನು ಪರೀಕ್ಷಿಸಲು ಇಂದು ಲಭ್ಯವಿರುವ ದತ್ತಾಂಶ ಎಷ್ಟು ನೆರವಾಗುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಹಳೆಯ ವಿವರಣೆಗಳು ಆಧಾರವನ್ನು ತೋರಿಸದೆ ನಿರ್ಣಯವನ್ನು ಕೊಟ್ಟವು. ಹೊಸ ಧ್ವನಿಸಂಚಯಗಳು ಸಂದರ್ಭವನ್ನು ತಿಳಿಸದೆ ಆಧಾರವನ್ನು ಕೊಡುತ್ತಿವೆ. ಗಡಿಸೀಮೆಯ ಭಾಷಾಧ್ಯಯನಕ್ಕೆ ಎರಡೂ ಸಾಲವು ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಭಾಷಾ ದತ್ತಾಂಶ, ಮುಕ್ತ ಹಂಚಿಕೆ, ಮೆಟಾಡೇಟಾ, ಭಾಷಾ ಸಂಪರ್ಕ, ಬೀದರ್ ಕನ್ನಡ

1. ಪರೀಕ್ಷೆಗೆ ಒಂದು ರೂಪ

ಬೀದರ್ ಸೀಮೆಯ ಕನ್ನಡವನ್ನು ‘ಬೆರಕೆ ಕನ್ನಡ’ ಎಂದು ಕರೆಯುವ ರೂಢಿ ಬಲವಾಗಿದೆ. ಮರಾಠಿ ಮತ್ತು ಉರ್ದುಗಳ ಪ್ರಭಾವದಿಂದ ಈ ಮಾತು ಹೀಗಾಗಿದೆ ಎಂಬುದು ಆಧಾರ ಒದಗಿಸದೆಯೇ ಬರೆಯಬಹುದಾದ ವಾಕ್ಯವೆಂಬಂತೆ ಪ್ರಬಂಧದಿಂದ ಪ್ರಬಂಧಕ್ಕೆ ಸಾಗಿಬಂದಿದೆ. ಆಧಾರವನ್ನು ಕೇಳಿದರೆ ಏನು ದೊರೆಯುತ್ತದೆ ಎಂಬುದನ್ನು ತಿಳಿಯಲು ನಾವು ಇಲ್ಲಿ ಒಂದೇ ಒಂದು ರೂಪವನ್ನು ಆರಿಸಿಕೊಂಡಿದ್ದೇವೆ.

ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ‘ಮಾಡ್ಲತ್ತಾನ’, ‘ಹೋಗ್ಲತ್ತಾರ’, ‘ಏನ್ ಮಾಡ್ಲತ್ತೀ’ ಎಂಬಂಥ ರೂಪಗಳು ಬಳಕೆಯಲ್ಲಿವೆ. ಇವುಗಳ ಮೂಲದಲ್ಲಿರುವುದು ‘ಅಂಟಿಕೊಳ್ಳು, ತಗುಲು’ ಎಂಬ ಅರ್ಥದ ‘ಹತ್ತು’ ಧಾತು. ಮರಾಠಿಯ ‘ಕರೂ ಲಾಗಲಾ’, ದಖನಿಯ ‘ಕರ್ನೆ ಲಗಾ’ ಎಂಬ ರಚನೆಗಳಲ್ಲಿಯೂ ‘ತಗುಲು’ ಎಂಬ ಅರ್ಥದ ಧಾತುವೇ ಸಹಾಯಕ ಕ್ರಿಯಾಪದವಾಗಿದೆ. ಇಷ್ಟನ್ನು ಕಂಡವರು ಕನ್ನಡದ ರಚನೆ ನೆರೆಭಾಷೆಗಳ ಅನುಕರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಮರಾಠಿ, ದಖನಿಗಳಲ್ಲಿ ಆ ರಚನೆಗೆ ಮುಖ್ಯವಾಗಿ ಕ್ರಿಯಾರಂಭದ ಅರ್ಥವಿದೆ. ನಡೆಯುತ್ತಿರುವ ಕ್ರಿಯೆಗೆ ಮರಾಠಿ ‘ಕರತ ಆಹೇ’ ಎಂಬ ಬಗೆಯ, ದಖನಿ ‘ಕರ್ರಾ’ ಎಂಬ ಬಗೆಯ ಬೇರೆ ರೂಪಗಳನ್ನು ಬಳಸುತ್ತವೆ. ಕ್ರಿಯಾರಂಭದ ಅರ್ಥವುಳ್ಳ ‘ಮಾಡಹತ್ತಿದನು’ ಕನ್ನಡದ ಬರಹದಲ್ಲಿ ಪರಿಚಿತ ರೂಪ. ಧಾರವಾಡದ ಕಡೆಯ ‘ಮಾಡಾಕತ್ತಾನ’ ಎಂಬುದರಲ್ಲಿ ಅದೇ ಧಾತು ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುತ್ತದೆ. ಹಾಗಾದರೆ ಬೀದರ್ ಸೀಮೆಯ ರೂಪವು ಸ್ಥಳೀಯ ಸಂಪರ್ಕದ ಫಲವೋ, ಉತ್ತರದ ಕನ್ನಡಕ್ಕೆಲ್ಲ ಸಮಾನವಾದ ಆಂತರಿಕ ಬೆಳವಣಿಗೆಯೋ, ಒಳಗಿನಿಂದ ಬೆಳೆದು ಸಂಪರ್ಕದಿಂದ ಬಲಗೊಂಡದ್ದೋ?

ಇದನ್ನು ನಿರ್ಧರಿಸಲು ನಾಲ್ಕು ಸಂಗತಿಗಳು ತಿಳಿದಿರಬೇಕು: ಸಹಜ ಸಂಭಾಷಣೆಯಲ್ಲಿ ರೂಪದ ಎರಡು ಅರ್ಥಗಳ ಹಂಚಿಕೆ, ಮಾತನಾಡಿದವರು ಬಲ್ಲ ಇತರ ಭಾಷೆಗಳು, ಅವರ ಊರು ಮತ್ತು ತಲೆಮಾರು. ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂದು ಮೊದಲೇ ಊಹಿಸುವಂತೆಯೂ ಇಲ್ಲ. ದಖನಿಯಲ್ಲಿ ಉಕ್ತಿಸೂಚಕವಾಗಿ ಬರುವ ‘ಬೋಲ್ಕೆ’, ದ್ರಾವಿಡ ಭಾಷೆಗಳ ‘ಎಂದು’, ‘ಅಂತ’ ಮಾದರಿಯದೆಂಬುದು ಸುಪರಿಚಿತ. ಈ ನಾಲ್ಕು ಸಂಗತಿಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಲಭ್ಯ ಸಾಮಗ್ರಿಯನ್ನು ನೋಡೋಣ.

2. ಅಚ್ಚಿನಲ್ಲಿ ಉಳಿದದ್ದು

ಗ್ರಿಯರ್ಸನ್ನರ ‘ಲಿಂಗ್ವಿಸ್ಟಿಕ್ ಸರ್ವೆ ಆಫ್ ಇಂಡಿಯಾ’ದಲ್ಲಿ ಕನ್ನಡದ ವಿವರಣೆ ಇರುವುದು 1906ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿ. ಆ ಸಮೀಕ್ಷೆಯು ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಮತ್ತು ಹೈದರಾಬಾದ್ ಸಂಸ್ಥಾನಗಳನ್ನು ಒಳಗೊಂಡಿರಲಿಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಕಲ್ಯಾಣ, ಹುಮನಾಬಾದ್‌ಗಳು ಆ ನಕ್ಷೆಯ ಹೊರಗುಳಿದವು.

1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ಉಪಭಾಷಾ ವಿವರಣೆಗಳಲ್ಲಿ ಆರ್. ಮಹಾದೇವನ್ ಅವರ ‘ಗುಲ್ಬರ್ಗ ಕನ್ನಡ’ (1968) ಈ ಸೀಮೆಗೆ ಹತ್ತಿರದ್ದು. ಆ ಕಾಲದ ವಿವರಣಾತ್ಮಕ ಭಾಷಾವಿಜ್ಞಾನದ ಶಿಸ್ತು ದೊಡ್ಡದು. ಧ್ವನಿಮಾ, ಆಕೃತಿಮಾಗಳ ವಿಂಗಡಣೆಯನ್ನು ಇಂದಿಗೂ ನೆಚ್ಚಬಹುದು. ಆದರೆ ಆ ಪದ್ಧತಿ ದತ್ತಾಂಶವನ್ನು ಏಣಿಯಂತೆ ಕಂಡಿತು. ವ್ಯಾಕರಣದ ಅಟ್ಟ ಹತ್ತಿದ ಮೇಲೆ ಏಣಿಯನ್ನು ಉಳಿಸಿ ಓದುಗರಿಗೆ ಒಪ್ಪಿಸುವ ಹೊಣೆ ಅದರ ವಿಧಿಯಲ್ಲಿಯೇ ಇರಲಿಲ್ಲ.

ಇದರ ಬೆಲೆ ಏನೆಂಬುದಕ್ಕೆ ಕುಪ್ವಾಡ ಸಾಕ್ಷಿ. ಸಾಂಗ್ಲಿ ಜಿಲ್ಲೆಯ ಈ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ವ್ಯಾಕರಣದ ಮಟ್ಟದಲ್ಲಿ ಪದಕ್ಕೆ ಪದ ಅನುವಾದಿಸಬಹುದಾದಷ್ಟು ಸಮೀಪಿಸಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರತಿಪಾದಿಸಿದರು. ಭಾಷಾ ಸಂಪರ್ಕದ ಪಠ್ಯಪುಸ್ತಕಗಳಲ್ಲಿ ಅದು ಸ್ಥಿರ ಉದಾಹರಣೆಯಾಯಿತು. ಓದುಗರ ಕೈಗೆ ಬಂದದ್ದು ಲೇಖನದಲ್ಲಿ ಅಚ್ಚಾದ ವಾಕ್ಯಗಳು ಮಾತ್ರ. ಅವು ಎಷ್ಟು ಮಂದಿಯ, ಯಾವ ಸಂದರ್ಭದ ಮಾತುಗಳನ್ನು ಪ್ರತಿನಿಧಿಸುತ್ತವೆ ಎಂಬುದನ್ನು ಆ ಪುಟಗಳಿಂದ ಅಳೆಯಲಾಗದು. ಆ ಮಾದರಿಯನ್ನು ವಿಮರ್ಶಾತ್ಮಕವಾಗಿ ಮರುಪರಿಶೀಲಿಸಿದ ಸೋನಲ್ ಕುಲಕರ್ಣಿ-ಜೋಶಿ ಅವರ ಲೇಖನ ಪ್ರಕಟವಾದದ್ದು 2016ರಲ್ಲಿ. ಮೂಲ ಸಾಮಗ್ರಿ ಎಲ್ಲರ ಕೈಗೆಟುಕುವಂತಿದ್ದಿದ್ದರೆ ಆ ಚರ್ಚೆ ಒಂದು ತಲೆಮಾರು ಮೊದಲೇ ಆರಂಭವಾಗಬಹುದಿತ್ತು.

ನೆರೆಯ ಶಿಸ್ತಾದ ಶಾಸನಶಾಸ್ತ್ರ ಈ ವಿಷಯದಲ್ಲಿ ನಮಗಿಂತ ಮುಂದಿತ್ತು. ಪಿ. ಬಿ. ದೇಸಾಯಿ ಅವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು 1958ರಲ್ಲಿ ಸಂಪುಟವಾಗಿ ತಂದರು. ಶಾಸನ ದೊರೆತ ಸ್ಥಳ, ಕಲ್ಲಿನ ಸ್ಥಿತಿ, ಅಚ್ಚುಪ್ರತಿ, ಪಾಠ, ವ್ಯಾಖ್ಯಾನಗಳನ್ನು ಬೇರೆ ಬೇರೆಯಾಗಿ ಇಡುವುದು ಆ ಶಿಸ್ತಿನ ರೂಢಿ. ವ್ಯಾಖ್ಯಾನವನ್ನು ಒಪ್ಪದವರು ಪಾಠಕ್ಕೆ, ಪಾಠವನ್ನು ಒಪ್ಪದವರು ಅಚ್ಚುಪ್ರತಿಗೆ, ಅದನ್ನೂ ಒಪ್ಪದವರು ಕಲ್ಲಿನ ಬಳಿಗೇ ಹೋಗಬಹುದು. ಮಾತಿನ ಅಧ್ಯಯನದಲ್ಲಿ ಕಲ್ಲಿನ ಸ್ಥಾನದಲ್ಲಿರುವುದು ಧ್ವನಿಮುದ್ರಣ. ನಾವು ಅದನ್ನು ಮನೆಯಲ್ಲಿಟ್ಟುಕೊಂಡು ವ್ಯಾಖ್ಯಾನವನ್ನು ಮಾತ್ರ ಪ್ರಕಟಿಸುತ್ತಿದ್ದೇವೆ.

3. ಡಿಜಿಟಲ್ ಸಂಚಯಗಳು

ಕಲ್ಯಾಣದ ಹೆಸರಿನೊಡನೆ ಬೆಸೆದುಕೊಂಡ ಪಠ್ಯವೊಂದು ಈಗಾಗಲೇ ಮುಕ್ತವಾಗಿದೆ. ಸಮಗ್ರ ವಚನ ಸಂಪುಟಗಳನ್ನು ಆಧರಿಸಿದ ‘ವಚನ ಸಂಚಯ’ದಲ್ಲಿ ಯಾವುದೇ ಪದವನ್ನು ಹುಡುಕಿ, ಅದು ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬುದನ್ನು ನೋಡಬಹುದು. ಸ್ವಯಂಸೇವಕರ ದುಡಿಮೆಯಿಂದ ಸಾಧ್ಯವಾದ ಈ ಕೆಲಸ ಸಂಶೋಧನೆಗೆ ಮಾಡಿರುವ ಉಪಕಾರ ಸಣ್ಣದಲ್ಲ. ಆದರೆ ಭಾಷಾವಿಜ್ಞಾನಿ ಇಲ್ಲಿಯೂ ಒಂದು ಎಚ್ಚರ ವಹಿಸಬೇಕು. ವಚನಗಳು ನಮಗೆ ಬಂದಿರುವುದು ನಂತರದ ಶತಮಾನಗಳ ಹಸ್ತಪ್ರತಿಗಳ ಮೂಲಕ, ಸಂಪಾದಕರ ತೀರ್ಮಾನಗಳ ಮೂಲಕ. ಹುಡುಕಾಟದ ಫಲಿತಾಂಶವನ್ನು ಹನ್ನೆರಡನೆಯ ಶತಮಾನದ ಕಲ್ಯಾಣದ ಮಾತೆಂದು ನೇರವಾಗಿ ಎಣಿಸಿದರೆ ಮಧ್ಯದ ಶತಮಾನಗಳೇ ಮಾಯವಾಗುತ್ತವೆ.

ಇಂದಿನ ಮಾತಿನ ಸಾಮಗ್ರಿ ಮೂರು ಬಗೆಯಲ್ಲಿ ದೊರೆಯುತ್ತಿದೆ. ಮೊದಲನೆಯದು, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾಷಾ ದತ್ತಾಂಶ ಒಕ್ಕೂಟ ವಿತರಿಸುವ ಕನ್ನಡ ಧ್ವನಿಸಂಚಯ. ಅದರ ಹೆಚ್ಚಿನ ಭಾಗ ಪಠ್ಯ, ವಾಕ್ಯ ಮತ್ತು ಪದಪಟ್ಟಿಗಳನ್ನು ಓದಿಸಿ ಪಡೆದದ್ದು. ಉಚ್ಚಾರಣೆಯ ಅಧ್ಯಯನಕ್ಕೆ ಅದು ಉಪಯುಕ್ತ. ಆದರೆ ಮುದ್ರಿತ ಶಿಷ್ಟ ವಾಕ್ಯವನ್ನು ಓದುವ ಹುಮನಾಬಾದಿನ ವ್ಯಕ್ತಿ ‘ಮಾಡುತ್ತಿದ್ದಾನೆ’ ಎಂದೇ ಓದುತ್ತಾರೆ. ‘ಮಾಡ್ಲತ್ತಾನ’ ಅಲ್ಲಿ ಬರಲು ದಾರಿಯೇ ಇಲ್ಲ.

ಎರಡನೆಯದು, ಎಐ4ಭಾರತ್ 2024ರಲ್ಲಿ ಹೊರತಂದ ‘ಇಂಡಿಕ್‌ವಾಯ್ಸಸ್’. ಅದರ ಮೊದಲ ವರದಿಯಂತೆ 22 ಭಾಷೆಗಳ, 145 ಜಿಲ್ಲೆಗಳ, 16,237 ಜನರಿಂದ 7,348 ಗಂಟೆಗಳ ಧ್ವನಿ ಸಂಗ್ರಹವಾಗಿದೆ. ಅದರಲ್ಲಿ ಶೇ. 74ರಷ್ಟು ಓದಿದ್ದಲ್ಲ, ತಾವಾಗಿ ಆಡಿದ ಮಾತು, ಶೇ. 17ರಷ್ಟು ಸಂಭಾಷಣೆ. ಇದು ದೊಡ್ಡ ಹೆಜ್ಜೆ. ವಕ್ತೃಗಳ ಲಿಂಗ, ವಯೋಮಾನ, ಉದ್ಯೋಗ, ಜಿಲ್ಲೆಗಳ ವಿವರ ಜೊತೆಗಿದೆ. ಮೂರನೆಯದು, ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ. ಅದೂ ಜಿಲ್ಲೆಯನ್ನೇ ಘಟಕವಾಗಿಸಿಕೊಂಡು, ಚಿತ್ರಗಳನ್ನು ತೋರಿಸಿ ಜನರಿಂದ ಮಾತನಾಡಿಸುತ್ತದೆ.

ಈ ಯೋಜನೆಗಳ ಮುಖ್ಯ ಗುರಿ ಯಂತ್ರಗಳಿಗೆ ಮಾತು ಕಲಿಸುವುದು. ಆ ಗುರಿಗೆ ಜಿಲ್ಲೆ ಸಾಕು. ನಮ್ಮ ಪ್ರಶ್ನೆಗೆ ಸಾಲದು. ಮಹಾರಾಷ್ಟ್ರದ ಉಮರ್ಗಾ, ನಿಲಂಗಾಗಳಿಗೆ ತಾಗಿದ ಬಸವಕಲ್ಯಾಣದ ಹಳ್ಳಿಯೂ ಕಲಬುರಗಿಯ ಕಡೆಗೆ ಮುಖಮಾಡಿದ ಹುಮನಾಬಾದಿನ ಹಳ್ಳಿಯೂ ಭಾಷಾ ಸಂಪರ್ಕದ ದೃಷ್ಟಿಯಿಂದ ಒಂದೇ ಅಲ್ಲ. ಅದಕ್ಕಿಂತ ಮುಖ್ಯವಾದುದು, ಒಬ್ಬ ವಕ್ತೃವಿಗೆ ಒಂದು ಭಾಷೆ ಎಂಬ ಗ್ರಹಿಕೆ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಬೀಗರ ಊರಿನಲ್ಲಿ ಮರಾಠಿ ಆಡುವವರ ಧ್ವನಿ ‘ಕನ್ನಡ’ ಎಂಬ ಚೀಟಿ ಅಂಟಿಸಿಕೊಂಡು ಕಡತ ಸೇರಿದರೆ, ನಮ್ಮ ಪ್ರಶ್ನೆಗೆ ಬೇಕಾದ ಎರಡನೆಯ ಸಂಗತಿಯೇ ಅಳಿಸಿಹೋಗುತ್ತದೆ. ಜನಗಣತಿಯ ಕೋಷ್ಟಕಗಳೂ ಇಂಥದೇ ಅಳಿಸುವಿಕೆಗೆ ಹೊರತಲ್ಲ. 2011ರ ಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿ ಸೇರಿಸಲಾಗಿದೆ.

4. ಯಾರಿಗೆ, ಎಷ್ಟು ಮುಕ್ತ

ದತ್ತಾಂಶವು ಹುಡುಕಲು, ತಲುಪಲು, ಬೇರೆ ದತ್ತಾಂಶದೊಡನೆ ಹೊಂದಿಸಲು, ಮರುಬಳಸಲು ಯೋಗ್ಯವಾಗಿರಬೇಕೆಂಬ ‘ಫೇರ್’ ತತ್ತ್ವಗಳು 2016ರಲ್ಲಿ ಪ್ರಕಟವಾದವು. ಅವು ದತ್ತಾಂಶದ ಗುಣವನ್ನು ಹೇಳುತ್ತವೆ. ಅದನ್ನು ಕೊಟ್ಟವರ ಹಕ್ಕನ್ನು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಆದಿಮ ಸಮುದಾಯಗಳ ವೇದಿಕೆಗಳಿಂದ 2019ರಲ್ಲಿ ‘ಕೇರ್’ ತತ್ತ್ವಗಳು ಬಂದವು: ಸಾಮೂಹಿಕ ಹಿತ, ನಿಯಂತ್ರಣದ ಅಧಿಕಾರ, ಹೊಣೆಗಾರಿಕೆ, ನೈತಿಕತೆ.

ನಮ್ಮ ಸೀಮೆಯಲ್ಲಿ ಈ ಎರಡನೆಯ ತತ್ತ್ವಗುಚ್ಛಕ್ಕೆ ವಿಶೇಷ ತೂಕವಿದೆ. ಬೀದರ್ ಜಿಲ್ಲೆಯ ಹಳ್ಳಿಗಳೂ ಮಹಾರಾಷ್ಟ್ರ–ಕರ್ನಾಟಕ ಗಡಿವಿವಾದದ ಭಾಗವಾಗಿದ್ದವು. 1967ರ ಮಹಾಜನ್ ವರದಿಯ ನಂತರವೂ ವಿವಾದ ಮುಗಿದಿಲ್ಲ. ಯಾವ ಊರಿನಲ್ಲಿ ಎಷ್ಟು ಮಂದಿ ಯಾವ ಭಾಷೆಯವರು ಎಂಬುದು ಇಲ್ಲಿ ಬರಿಯ ಶೈಕ್ಷಣಿಕ ಮಾಹಿತಿಯಲ್ಲ. ಒಬ್ಬರು ಬಲ್ಲ ಭಾಷೆಗಳ ಪಟ್ಟಿಯನ್ನು ಊರಿನ ಹೆಸರಿನೊಡನೆ ಬಯಲಿಗಿಟ್ಟರೆ ಅದು ವ್ಯಾಕರಣದ ಚರ್ಚೆಗೆ ಮಾತ್ರ ಬಳಕೆಯಾಗುತ್ತದೆಂಬ ಭರವಸೆ ಇಲ್ಲ. ಹೆಸರನ್ನು ತೆಗೆದುಹಾಕಿದರೆ ಸಾಕೆಂಬುದೂ ಸರಿಯಲ್ಲ. ಸಣ್ಣ ಊರಿನಲ್ಲಿ ಧ್ವನಿಯೇ ಗುರುತು. ಸಾಲ, ಜಗಳ, ಕಾಯಿಲೆಗಳ ಮಾತು ಸಹಜ ಸಂಭಾಷಣೆಯಲ್ಲಿ ಬಂದೇ ಬರುತ್ತದೆ. ಅದನ್ನು ಕೇಳಿದ ನೆರೆಯವರು ಆಡಿದವರು ಯಾರೆಂದು ಕೂಡಲೇ ಹೇಳಬಲ್ಲರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ದಾಖಲೀಕರಣಗಳಿಗೆ ಷರತ್ತುಬದ್ಧ ವಿನಾಯಿತಿ ಕೊಡುತ್ತದೆ. ಕಾನೂನಿನ ವಿನಾಯಿತಿ ವಕ್ತೃವಿನ ಒಪ್ಪಿಗೆಗೆ ಬದಲಿಯಲ್ಲ.

ಆದ್ದರಿಂದ ಎಲ್ಲವನ್ನೂ ತೆರೆ ಅಥವಾ ಎಲ್ಲವನ್ನೂ ಮುಚ್ಚು ಎಂಬ ಆಯ್ಕೆಯೇ ತಪ್ಪು. ಸಂಗ್ರಹದಲ್ಲಿ ಏನಿದೆ ಎಂಬ ವಿವರಪಟ್ಟಿ ಎಲ್ಲರಿಗೂ ತೆರೆದಿರಬೇಕು. ಲಿಪ್ಯಂಕಿತ ಪಠ್ಯವನ್ನು, ವಕ್ತೃ ಒಪ್ಪಿದಷ್ಟರ ಮಟ್ಟಿಗೆ, ಮುಕ್ತ ಪರವಾನಗಿಯಡಿ ಕೊಡಬಹುದು. ಸಂಭಾಷಣೆಯ ಧ್ವನಿಯನ್ನೂ ಊರಿನ ಮಟ್ಟದ ವಿವರವನ್ನೂ ಕಾರಣ ತಿಳಿಸಿ ಕೇಳಿದ ಸಂಶೋಧಕರಿಗೆ ನೀಡಬಹುದು. ಪ್ಯಾರಡಿಸೆಕ್, ಎಲಾರ್‌ನಂಥ ಭಾಷಾ ಸಂಗ್ರಹಾಗಾರಗಳು ಇಂಥ ಹಂತಹಂತದ ಪ್ರವೇಶವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿವೆ.

5. ಪ್ರಬಂಧದೊಡನೆ ದತ್ತಾಂಶ

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯಿಂದ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸುವುದು ಕಡ್ಡಾಯವಾಯಿತು. ‘ಶೋಧಗಂಗಾ’ದಲ್ಲಿ ಇಂದು ಯಾರು ಬೇಕಾದರೂ ಅವುಗಳನ್ನು ಓದಬಹುದು. ಪ್ರಬಂಧದ ಪುಟ ಹೀಗೆ ತೆರೆದುಕೊಂಡಿದೆ. ಅದರ ಅನುಬಂಧದ ಪದಪಟ್ಟಿಯ ಹಿಂದಿರುವ ಧ್ವನಿಗೆ ಆ ಭಾಗ್ಯ ಬಂದಿಲ್ಲ. ಅದು ಸಂಶೋಧಕರ ಹಾರ್ಡ್ ಡಿಸ್ಕ್‌ನಲ್ಲಿ ಉಳಿದು, ಆ ಡಿಸ್ಕ್ ಕೆಟ್ಟ ದಿನ ಇಲ್ಲವಾಗುತ್ತದೆ. ಅಳಿವಿನಂಚಿನ ಭಾಷೆಗಳಿಗೆ 2013ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಉದ್ದೇಶಿಸಿದ್ದು. ಬೀದರ್ ಸೀಮೆಯ ಕನ್ನಡ, ದಖನಿ, ಲಂಬಾಣಿಗಳು ಅದರ ವ್ಯಾಪ್ತಿಗೆ ಬಾರವು. ಇವುಗಳ ದಾಖಲೆ ಉಳಿಯುವುದಾದರೆ ಬಹುಮಟ್ಟಿಗೆ ಡಾಕ್ಟರೇಟ್ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಿಂದಲೇ ಉಳಿಯಬೇಕು.

ವಿದ್ಯಾರ್ಥಿಗಳ ಹಿಂಜರಿಕೆಗೆ ಕಾರಣವಿದೆ. ಬಿಸಿಲಿನಲ್ಲಿ ಊರೂರು ತಿರುಗಿ ಕೂಡಿಹಾಕಿದ್ದನ್ನು ಬೇರೆಯವರು ಮೊದಲು ಪ್ರಕಟಿಸಿದರೆ ಏನು ಗತಿ ಎಂಬ ಭಯ ನಿರಾಧಾರವಲ್ಲ. ದತ್ತಾಂಶ ಸಂಗ್ರಹವನ್ನು ನೇಮಕಾತಿ, ಬಡ್ತಿಗಳಲ್ಲಿ ಪ್ರಕಟಣೆಯಂತೆ ಪರಿಗಣಿಸದೆ ಹಂಚಿಕೊಳ್ಳಿರೆಂದು ಉಪದೇಶಿಸುವುದು ನ್ಯಾಯವೂ ಅಲ್ಲ. ಭಾಷಾವಿಜ್ಞಾನದಲ್ಲಿ ದತ್ತಾಂಶವನ್ನು ಲೇಖನದಂತೆಯೇ ಉಲ್ಲೇಖಿಸಬೇಕೆಂದು 2018ರ ಆಸ್ಟಿನ್ ತತ್ತ್ವಗಳು ಕೇಳಿದ್ದು ಇದೇ ಕಾರಣಕ್ಕೆ. ಪದವಿಯ ನಂತರ ಎರಡು ಮೂರು ವರ್ಷ ಸಂಗ್ರಹವನ್ನು ಕಾಯ್ದಿರಿಸುವ ಅವಕಾಶ, ಆಮೇಲೆ ಸಂಗ್ರಹಕಾರರ ಹೆಸರಿನಲ್ಲಿಯೇ ಉಲ್ಲೇಖ — ಇವೆರಡನ್ನು ವಿಭಾಗಗಳೂ ಪತ್ರಿಕೆಗಳೂ ಒಪ್ಪಿದರೆ ಭಯದ ಬಹುಪಾಲು ಕರಗುತ್ತದೆ.

ಮೆಟಾಡೇಟಾ ವಿಸ್ತಾರವಾಗಿರಬೇಕಿಲ್ಲ. ಊರು ಮತ್ತು ತಾಲೂಕು, ವಯೋಮಾನ, ಬಲ್ಲ ಭಾಷೆಗಳು ಮತ್ತು ಅವನ್ನು ಆಡುವ ಸಂದರ್ಭ, ಎದುರಿಗಿದ್ದವರು ಯಾರು, ಸಂಗ್ರಹದ ದಿನಾಂಕ, ಒಪ್ಪಿಗೆಯ ಮಿತಿ: ಈ ಆರನ್ನು ಪ್ರತಿ ಧ್ವನಿಕಡತಕ್ಕೆ ತಪ್ಪದೆ ಬರೆದಿಟ್ಟರೆ ಸಾಕು. ಡೆಕ್ಕನ್ ಕಾಲೇಜು ಮರಾಠಿಯ ಉಪಭಾಷೆಗಳಿಗಾಗಿ ನಕ್ಷೆಸಹಿತ ಡಿಜಿಟಲ್ ಸಂಗ್ರಹವನ್ನು ರೂಪಿಸಿದೆ. ಅದರ ಪ್ರಶ್ನಾವಳಿಯೊಡನೆ ಹೊಂದುವಂತೆ ಬಸವಕಲ್ಯಾಣದಲ್ಲಿ ಸಾಮಗ್ರಿ ಸಂಗ್ರಹಿಸಿದರೆ, ರಾಜ್ಯದ ಗಡಿಯಲ್ಲಿ ನಿಂತುಹೋಗುವ ಸಮಭಾಷಾ ರೇಖೆಗಳನ್ನು ಮುಂದಕ್ಕೆ ಎಳೆಯಬಹುದು.

6. ಸಮಾರೋಪ

‘ಮಾಡ್ಲತ್ತಾನ’ ಎಂಬುದರ ಮೂಲದ ಪ್ರಶ್ನೆಯನ್ನು ನಾವು ಇಲ್ಲಿ ಬಗೆಹರಿಸಿಲ್ಲ. ಮೇಲೆ ಪರಿಶೀಲಿಸಿದ ಯಾವ ಸಾಮಗ್ರಿಯೂ ಅದಕ್ಕೆ ಬೇಕಾದ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಕೊಡುವುದಿಲ್ಲ. ಹೀಗಿರುವಾಗ ಬೀದರ್ ಸೀಮೆಯ ಕನ್ನಡವನ್ನು ‘ಬೆರಕೆ’ ಎನ್ನುವುದು ಸಂಶೋಧನೆಯ ಫಲಿತಾಂಶವಾಗಲಾರದು. ಅದು ಇನ್ನೂ ಪರೀಕ್ಷೆಗೆ ಒಳಗಾಗದ ಅಭಿಪ್ರಾಯ. ಆ ಅಭಿಪ್ರಾಯದ ಭಾರವನ್ನು ಶಾಲೆಯಲ್ಲಿ, ಸಂದರ್ಶನದಲ್ಲಿ, ರಾಜಧಾನಿಯ ಕಚೇರಿಗಳಲ್ಲಿ ಹೊರುತ್ತಿರುವವರು ಆ ಮಾತನ್ನಾಡುವ ಜನ. ಅವರ ಮಾತಿನ ಬಗ್ಗೆ ನಾವು ಬರೆದದ್ದನ್ನು ಅವರ ಮಕ್ಕಳು ಮುಂದೊಂದು ದಿನ ಪರಿಶೀಲಿಸಿ ಅಲ್ಲಗಳೆಯಲು ಸಾಧ್ಯವಾಗುವಂತೆ ಆಧಾರಗಳನ್ನು ಉಳಿಸಿಡುವುದು ಈ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವ ಪ್ರತಿಯೊಬ್ಬರ ಹೊಣೆ.