ನಾಯಿ, ಟೋಪಿ, ಅವರೆ, ಕೆಂಪು

ಮೊದಲು ನಾಲ್ಕು ಪದ ಹೇಳುತ್ತಾರೆ: ನಾಯಿ, ಟೋಪಿ, ಅವರೆ, ಕೆಂಪು. ಆಮೇಲೆ ಐದು ಸೆಕೆಂಡು, ಆದಷ್ಟು ಬೇಗ ಬೆರಳು ತಟ್ಟಬೇಕು. ಬಳಿಕ ಮೇಜಿನ ಮೇಲೆ ಮುಷ್ಟಿ, ಅಂಗೈ, ಅಂಗೈಯ ಅಂಚು: ಹತ್ತು ಸೆಕೆಂಡು, ಸರದಿ ತಪ್ಪದೆ. ಕೊನೆಗೆ ಆ ನಾಲ್ಕು ಪದ ನೆನಪಿವೆಯೇ ಎಂಬ ಪ್ರಶ್ನೆ. ಹನ್ನೆರಡಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ. ಅಮೆರಿಕ ಮತ್ತು ಉಗಾಂಡಾದ ರೋಗಿಗಳ ಮೇಲೆ ಒರೆಗೆ ಹಚ್ಚಿ 2005ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಷಿಯಾ ಮಾಪಕ ಇಷ್ಟೇ.

ಇದರ ಜಾಣತನ ಬೆರಳಿನಲ್ಲಿದೆ. ಎಚ್‌ಐವಿ ನರಕೋಶದೊಳಗೆ ಹೊಗುವುದಿಲ್ಲ. ರಕ್ತದ ಬಿಳಿಕಣಗಳ ಜೊತೆ ಮಿದುಳಿಗೆ ಹೋಗಿ ಅಲ್ಲಿನ ಕಾವಲು ಕೋಶಗಳಲ್ಲಿ ಠಿಕಾಣಿ ಹೂಡುತ್ತದೆ. ಅಲ್ಲಿಂದ ಹೊರಬೀಳುವ ಪ್ರೋಟೀನುಗಳು, ಉರಿಯೂತ ನರಕೋಶವನ್ನು ಸವೆಸುತ್ತವೆ. ಏಟು ಬೀಳುವುದು ಹೆಚ್ಚಾಗಿ ಮಿದುಳಿನ ಆಳದ ಭಾಗಗಳಿಗೆ. ಹಾಗಾಗಿ ಮನುಷ್ಯ ಹೆಸರು ಮರೆಯುವ ಮುನ್ನ ನಿಧಾನವಾಗುತ್ತಾನೆ.

ಭಾರತದಲ್ಲಿ ಹೆಚ್ಚಾಗಿರುವುದು ವೈರಸ್ಸಿನ ಸಿ ಉಪಬಗೆ. ಅದರ ಟ್ಯಾಟ್ ಪ್ರೋಟೀನಿನ 31ನೆಯ ಸ್ಥಾನದಲ್ಲಿ ಸಿಸ್ಟೀನ್ ಬದಲು ಸೆರೀನ್ ಇದೆಯೆಂದು, ಅದರಿಂದ ಬಿಳಿಕಣಗಳನ್ನು ಸೆಳೆಯುವ ಪ್ರೋಟೀನಿನ ಶಕ್ತಿ ಕುಂದಿದೆಯೆಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ನಮ್ಮ ವೈರಸ್ಸು ಮಿದುಳಿಗೆ ಮೆದು ಎಂಬ ಸಮಾಧಾನ ಹುಟ್ಟಿತು. 2007ರಲ್ಲಿ ನಿಮ್ಹಾನ್ಸ್ ತಂಡ ದಕ್ಷಿಣ ಭಾರತದ 119 ಸೋಂಕಿತರನ್ನು ಪರೀಕ್ಷಿಸಿ ಆ ಸಮಾಧಾನಕ್ಕೆ ನೀರೆರಚಿತು: ದಿನದ ಕೆಲಸದಲ್ಲಿ ಕುಂದು ಕಾಣದಿದ್ದರೂ ಶೇ 60.5ರಷ್ಟು ಮಂದಿಯ ಗ್ರಹಣಶಕ್ತಿಯಲ್ಲಿ ಸಣ್ಣ, ಮಧ್ಯಮ ಕೊರತೆಗಳಿದ್ದವು.

ಈಗ ಮಾಪಕವನ್ನು ಮುಂಬಯಿ ಸುತ್ತಲಿನ ತುರ್ಭೆಯ ಟ್ರಕ್ ನಿಲ್ದಾಣಕ್ಕೋ ಡೊಂಬಿವಲಿಯ ಹೋಟೆಲಿನ ಅಡುಗೆಮನೆಗೋ ತನ್ನಿ. ಮನೆಯಲ್ಲಿ ತುಳು, ಗಲ್ಲಾದಲ್ಲಿ ಹಿಂದಿ, ಆಸ್ಪತ್ರೆಯಲ್ಲಿ ಮರಾಠಿ ಆಡುವವನಿಗೆ ಆ ನಾಲ್ಕು ಪದ ಯಾವ ಭಾಷೆಯಲ್ಲಿ? ಪದ ಮರೆತರೆ ಸುಳಿವು ಕೊಡಬೇಕು. ಮೂಲದಲ್ಲಿ ಅವರೆಗೆ ಸುಳಿವು 'ತರಕಾರಿ'. ನಮ್ಮಲ್ಲಿ ಅವರೆ ಕಾಳೂ ಹೌದು, ತರಕಾರಿಯೂ ಹೌದು. ಕಲಬುರಗಿಯಿಂದ ನವಿ ಮುಂಬಯಿಗೆ ಬಂದು ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತ ಕೈಬೆರಳು ನಿಧಾನವಾದರೆ ದೂರು ವೈರಸ್ಸಿನ ಮೇಲೆಯೇ? ಮಾಪಕಕ್ಕೆ ಇದು ಗೊತ್ತಾಗುವುದಿಲ್ಲ. ಅದನ್ನು ರೂಪಿಸಿದವರ ಲೆಕ್ಕದಲ್ಲೇ ಉಗಾಂಡಾದಲ್ಲಿ ಡಿಮೆನ್ಷಿಯಾ ಇಲ್ಲದವರಲ್ಲಿ ಶೇ 55ರಷ್ಟು ಜನರನ್ನು ಮಾತ್ರ ಅದು ರೋಗವಿಲ್ಲದವರೆಂದು ಸರಿಯಾಗಿ ಗುರುತಿಸಿತು. ಉಳಿದವರು ಸುಮ್ಮನೆ ಗಾಬರಿಪಟ್ಟವರು.

ವಯಸ್ಸು, ಲಿಂಗ, ಓದಿಗೆ ತಕ್ಕ ಮಾನಕಗಳಿರುವ ಪರೀಕ್ಷಾ ಸರಣಿಯನ್ನು ನಿಮ್ಹಾನ್ಸ್ 2004ರಲ್ಲೇ ಕೊಟ್ಟಿದೆ. ಅದಕ್ಕೆ ಗಂಟೆಗಳು ಬೇಕು, ತಜ್ಞರು ಬೇಕು. ಕಲ್ಯಾಣದ ಬೆಳಗಿನ ಲೋಕಲ್ ಹಿಡಿಯುವ ರೋಗಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಮೂರು ನಿಮಿಷದ ಮಾಪಕವನ್ನು ನಾನು ತಿರಸ್ಕರಿಸಲಾರೆ. ಆದರೆ ಕಡಿಮೆ ಅಂಕವೊಂದೇ ರೋಗವಲ್ಲ ಎಂದು 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೂ ಹೇಳಿದೆ. ಖಿನ್ನತೆ, ಕುಡಿತ, ನಿದ್ದೆಗೇಡು, ಕೆಲವರಿಗೆ ಎಚ್‌ಐವಿಯ ಹಳೆಯ ಎಫಾವಿರೆಂಜ್ ಮಾತ್ರೆ ಕೂಡ ಅಂಕ ತಿನ್ನುತ್ತವೆ.

ಲೆಕ್ಕ ತಪ್ಪುತ್ತಿದ್ದರೆ, ಮಾತ್ರೆಯ ಹೊತ್ತು ಮರೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಔಷಧ ಮಾತ್ರ ನಿಲ್ಲಿಸಬೇಡಿ. ಪರೀಕ್ಷೆಯ ಪದಗಳನ್ನು ನಿಮ್ಮ ಭಾಷೆಯಲ್ಲೇ ಹೇಳುವಂತೆ ಕೇಳಿ.